ಭತ್ತದ ಗದ್ದೆಯ ಜೀರುಂಡೆ: ಪರಭಕ್ಷಕವೂ ಹೌದು, ಆಹಾರವೂ ಹೌದು

ಖಾನಾಪುರ ತಾಲ್ಲೂಕಿನಲ್ಲಿ ಹಾಗೂ ಬೆಳಗಾವಿ ನಗರದ ಅಂಚಿನ ಯಳ್ಳೂರು, ವಡಗಾವಿ ಭಾಗದ ಭತ್ತದ ಗದ್ದೆಗಳಲ್ಲಿ ಮಳೆಗಾಲದ ರಾತ್ರಿ ಕೇಳಿಬರುವ ಕಿರ್‌ ಕಿರ್‌ ಸದ್ದು ಗಂಡು ಜೀರುಂಡೆಗಳದ್ದು. ಮರದ ಮೇಲೆ ಕೂಗುವ ಸಿಕಾಡವನ್ನೂ ಕೆಲವೆಡೆ ಇದೇ ಹೆಸರಿನಿಂದ ಕರೆಯುವುದುಂಟು. ಇಲ್ಲಿ ಹೇಳುತ್ತಿರುವುದು ಮಿಡತೆಯ ಬಳಗಕ್ಕೆ ಸೇರಿದ ಕ್ರಿಕೆಟ್ ಎಂಬ ಕೀಟದ ಬಗ್ಗೆ. ಗದ್ದೆಯಲ್ಲಿ ಜಿಗಿಯುವುದೆಲ್ಲವೂ ಪೀಡೆಯೆಂದು ಭಾವಿಸಿ ನಾಟಿಯಾದ ಕೆಲವೇ ವಾರಗಳಲ್ಲಿ ಕೀಟನಾಶಕ ಸಿಂಪಡಿಸಿದರೆ ಎಲೆ ಸುರುಳಿ ಹುಳುವಿನ ಬಾಧೆ ತಗ್ಗುವ ಬದಲು ಹೆಚ್ಚುವ ಸಂಭವವಿದೆ.

ಏಷ್ಯಾದ ಭತ್ತದ ಗದ್ದೆಗಳಲ್ಲಿ ಮೆಟಿಯೋಕೆ ಮತ್ತು ಅನಾಕ್ಸಿಫಾ ಎಂಬ ಎರಡು ಜಾತಿಯ ಸಣ್ಣ ಜೀರುಂಡೆಗಳು ಪರಭಕ್ಷಕಗಳೆಂದು ಹೆಸರಾಗಿವೆ. ಮೊದಲನೆಯದರ ಪ್ರೌಢ ಕೀಟ ಕಪ್ಪು, ಮರಿ ತಿಳಿ ಬಣ್ಣದ್ದಾಗಿದ್ದು ಕಂದು ಪಟ್ಟೆಗಳಿರುತ್ತವೆ, ಎರಡನೆಯದು ಕಂದು. ಬುಡ ಅಲುಗಿಸಿದರೆ ಒಂದು ಗುಣಿಯಿಂದ ಇನ್ನೊಂದಕ್ಕೆ ನೆಗೆಯುತ್ತವೆ. ಸುರುಳಿ ಹುಳುವಿನ ಪತಂಗವು ಎಲೆಯ ಮೇಲೆ ಒಂಟಿಯಾಗಿ ಅಥವಾ ಸಣ್ಣ ಸಾಲಿನಲ್ಲಿ, ಯಾವ ಹೊದಿಕೆಯೂ ಇಲ್ಲದೆ ಮೊಟ್ಟೆಯಿಡುತ್ತದೆ. ಎಲೆಯಿಂದ ಎಲೆಗೆ ಅಲೆಯುವ ಈ ಜೀರುಂಡೆಗಳಿಗೆ ಅದು ಸುಲಭದ ತುತ್ತು. ಜಿಗಿ ಹುಳುವಿನ ಮರಿಗಳನ್ನೂ ಇವು ತಿನ್ನುತ್ತವೆ. ಹಳದಿ ಕಾಂಡ ಕೊರಕವು ಮಾತ್ರ ತನ್ನ ಮೊಟ್ಟೆ ಗುಂಪನ್ನು ರೋಮದಿಂದ ಮುಚ್ಚಿಡುತ್ತದೆ. ಅದನ್ನು ಕಚ್ಚಿ ಬಿಡಿಸಿ ತಿನ್ನುವುದು ಇವುಗಳ ದೂರದ ನೆಂಟನಾದ ಉದ್ದ ಮೀಸೆಯ ಮಿಡತೆ. ಅದು ಭತ್ತದ ಎಲೆಯನ್ನೂ ಅಷ್ಟಿಷ್ಟು ಮೇಯುತ್ತದೆ. ಆ ನಷ್ಟವನ್ನು ಸಹಿಸಿಕೊಳ್ಳುವುದೇ ಲೇಸು.

ಎಲ್ಲ ಜೀರುಂಡೆಗಳೂ ಮಿತ್ರರಲ್ಲ. ಅಗಲವಾದ, ಗುದ್ದಲಿಯಂತಹ ಮುಂಗಾಲುಗಳಿಂದ ನೆಲ ತೋಡುವ ಮೋಲ್ ಕ್ರಿಕೆಟ್, ಕೂರಿಗೆಯಿಂದ ಬಿತ್ತಿದ ಭತ್ತದ ಬೇರು ಕತ್ತರಿಸಿ ಸಸಿಗಳನ್ನು ಒಣಗಿಸುತ್ತದೆ. ನೀರು ನಿಲ್ಲದ ಗದ್ದೆಯಲ್ಲಿ ಇದರ ಹಾವಳಿ ಹೆಚ್ಚು. ತರಕಾರಿ ಮಡಿಗಳಲ್ಲಿ ರಾತ್ರಿ ಹೊತ್ತು ಎಳೆಯ ಸಸಿ ಕತ್ತರಿಸುವುದು ಹೊಲದ ದೊಡ್ಡ ಕಪ್ಪು ಜೀರುಂಡೆ.

ಇವುಗಳನ್ನು ತಿನ್ನುವ ಜೀವಿಗಳಿಗೂ ಕೊರತೆಯಿಲ್ಲ. ಕಪ್ಪೆ, ಜೇಡ, ಕಾಜಾಣ, ಗೊರವಂಕಗಳಿಗೆ ಜೀರುಂಡೆ ನೆಚ್ಚಿನ ಆಹಾರ. ಉಳುಮೆಯ ಹಿಂದೆ ನಡೆಯುವ ಬೆಳ್ಳಕ್ಕಿ ಹೆಕ್ಕುವ ಹುಳುಗಳಲ್ಲಿ ಇವೂ ಸೇರಿವೆ. ಕೆಲವು ಒಂಟಿ ಕಣಜಗಳು ಜೀರುಂಡೆಯನ್ನು ಕುಟುಕಿ, ಸಾಯಿಸದೆ ನಿಶ್ಚೇಷ್ಟಗೊಳಿಸಿ, ಗೂಡಿಗೆ ಎಳೆದೊಯ್ದು ಅದರ ಮೇಲೆ ಮೊಟ್ಟೆಯಿಡುತ್ತವೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಭೀಮಗಡದ ಅಂಚಿನ ಗದ್ದೆಗಳಲ್ಲಿ ಕಾಡು ಪಕ್ಕದಲ್ಲೇ ಇರುವುದರಿಂದ ಇಂತಹ ಶತ್ರುಜೀವಿಗಳಿಗೆ ಆಸರೆಯಿದೆ. ನಗರದ ಅಂಚಿನ ಗದ್ದೆಗಳಲ್ಲಿ ಆ ಆಸರೆ ಬಹುಮಟ್ಟಿಗೆ ಬದುವಿನ ಹುಲ್ಲು ಮಾತ್ರ. ಆದ್ದರಿಂದ ಬದುಗಳಿಗೆ ಬೆಂಕಿ ಹಚ್ಚಬಾರದು, ಕಳೆನಾಶಕದಿಂದ ಪೂರ್ತಿ ಬರಿದು ಮಾಡಲೂಬಾರದು.

ನಾಟಿಯಾದ ಮೊದಲ 30 ದಿನ ಎಲೆ ತಿನ್ನುವ ಹುಳುಗಳಿಗೆಂದು ಸಿಂಪರಣೆ ಬೇಡ. ಮರಿಯೊಡೆಯುವ ಹಂತದ ಭತ್ತ ಹೊಸ ಎಲೆ ಬಿಟ್ಟು ಚೇತರಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಸಿಂಥೆಟಿಕ್ ಪೈರಿಥ್ರಾಯ್ಡ್ ಬಳಸಿದರೆ ಜೀರುಂಡೆ, ಜೇಡಗಳು ನಾಶವಾಗಿ ಜಿಗಿ ಹುಳು ಉಲ್ಬಣಿಸಬಹುದು. ನಂತರವೂ ಬೆಳವಣಿಗೆಯ ಹಂತದಲ್ಲಿ ಶೇ. 10ರಷ್ಟು ಎಲೆಗಳು, ಹೂ ಬಿಡುವಾಗ ಶೇ. 5ರಷ್ಟು ಪತಾಕೆ ಎಲೆಗಳು ಹಾನಿಗೊಂಡಿದ್ದರೆ ಮಾತ್ರ ಶಿಫಾರಸು ಮಾಡಿದ ಕೀಟನಾಶಕದ ವಿಚಾರ ಮಾಡಬೇಕು. ಮೋಲ್ ಕ್ರಿಕೆಟ್ ಇರುವ ಗದ್ದೆಯನ್ನು ಸಮತಟ್ಟುಗೊಳಿಸಿ, ಅನುಕೂಲವಿದ್ದಲ್ಲಿ ನೀರು ನಿಲ್ಲಿಸಿದರೆ ಅವು ಬಿಲ ಬಿಟ್ಟು ಹೊರಬರುತ್ತವೆ. ಮುಂದಿನ ಕೆಲಸ ಬೆಳ್ಳಕ್ಕಿಗಳದ್ದು. ವಿಸ್ತರಣಾ ಸಿಬ್ಬಂದಿ ಕ್ಷೇತ್ರ ಭೇಟಿಯಲ್ಲಿ ಸುರುಳಿಗೊಂಡ ಎಲೆಗಳ ಜೊತೆಗೆ ನೆಗೆಯುವ ಸಣ್ಣ ಜೀರುಂಡೆಗಳನ್ನೂ ಎಣಿಸಿ, ಸಲಹೆ ನೀಡುವ ಮುನ್ನ ಎರಡೂ ಸಂಖ್ಯೆಗಳನ್ನು ರೈತರ ಮುಂದಿಡುವುದು ಸೂಕ್ತ.