ಬೇಸ್‌ಮೆಂಟ್ ವಾಸನೆ ಮತ್ತು 50 ಮಿಲಿಮೀಟರ್ ನೀರು

ಸೆಮಿಸ್ಟರ್ ರಜೆ ಮುಗಿಸಿ ಊರಿಂದ ವಾಪಸ್ ಬಂದು ಪಿಜಿ ಬೇಸ್‌ಮೆಂಟಲ್ಲಿ ಬೈಕ್ ನಿಲ್ಲಿಸುವಾಗ ಕೊಳೆತ ಮೊಟ್ಟೆ ವಾಸನೆ ಮೂಗಿಗೆ ಬಡಿಯೋದು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಇರೋ ನಮಗೆಲ್ಲ ಹೊಸದೇನಲ್ಲ. ದೊಡ್ಡತೋಗೂರು, ಹೂಡಿ, ಕುಂದಲಹಳ್ಳಿ, ಎಲ್ಲಿ ನೋಡಿದ್ರೂ ಚಿಕ್ಕ ಸೈಟಲ್ಲಿ ನಾಲ್ಕೈದು ಮಹಡಿ, ಅದರ ಕೆಳಗೆ ಪಾರ್ಕಿಂಗ್. ಓನರ್‌ಗೆ ಹೇಳಿದ್ರೆ ಫಿನಾಯಿಲ್ ಹಾಕಿಸ್ತಾರೆ. ಎರಡು ದಿನ ಫಿನಾಯಿಲ್ ವಾಸನೆ, ಮೂರನೇ ದಿನ ಮತ್ತದೇ. ಇದು ನೆಲದ ಮೇಲಿನ ಕೊಳೆಯ ಸಮಸ್ಯೆ ಅಲ್ಲ. ಪೈಪಿನೊಳಗಿನ ಗಾಳಿಯ ಸಮಸ್ಯೆ.

ಬಚ್ಚಲಿನ ಜಾಲರಿ ಎತ್ತಿ ನೋಡಿ. ಕೆಳಗೆ ಬಟ್ಟಲಿನಂಥ ಒಂದು ಭಾಗದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತೆ. ಪ್ಲಂಬರ್‌ಗಳು ಇದನ್ನ ನಹಾನಿ ಟ್ರ್ಯಾಪ್ ಅಂತಾರೆ. ಕಮೋಡ್ ಹಿಂದಿನ ಬಳುಕು ಪೈಪ್ ಮಾಡೋ ಕೆಲಸವೂ ಇದೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಇಂಥ ಬಳುಕು ಪೈಪಿನ ಕಮೋಡ್‌ಗೆ ಪೇಟೆಂಟ್ ತಗೊಂಡ. ನಿಂತ ನೀರು ಮುಚ್ಚಳದ ಕೆಲಸ ಮಾಡುತ್ತೆ, ಕೊಳಚೆ ಆ ಕಡೆ ಹೋಗುತ್ತೆ, ಗಾಳಿ ಈ ಕಡೆ ಬರಲ್ಲ. ಇಷ್ಟು ಅಗ್ಗದ ವಾಲ್ವ್ ಬೇರೆ ಇಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಆದ್ರೆ ಆ ಮುಚ್ಚಳದ ಬಲ ಎಷ್ಟು? ನೀರಿನ ಸೀಲ್ ಸಾಮಾನ್ಯವಾಗಿ 50 ಮಿಲಿಮೀಟರ್ ಇರುತ್ತೆ. ρgh ಹಾಕಿ: 1000 × 9.8 × 0.05, ಅಂದ್ರೆ 490 ಪಾಸ್ಕಲ್. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 91,000 ಪಾಸ್ಕಲ್. ಅದರ ಅರ್ಧ ಪರ್ಸೆಂಟ್‌ನಷ್ಟು ಏರುಪೇರಾದ್ರೆ ಸಾಕು, ಸೀಲ್ ಹೋಯ್ತು.

ಅದಕ್ಕೇ ಹುಡುಕಾಟ ಶುರು ಮಾಡಬೇಕಾದ್ದು ಟಾರ್ಚ್‌ನಿಂದಲ್ಲ, ಗಡಿಯಾರದಿಂದ. ವಾಸನೆ ಯಾವಾಗ ಬರುತ್ತೆ ಅಂತ ಮೂರ್ನಾಲ್ಕು ದಿನ ಬರೆದಿಡಿ.

ರಜೆ ಮುಗಿದ ಮೇಲೆ ಬಂದಿದ್ರೆ, ಅದ್ರಲ್ಲೂ ಬೇಸಿಗೆಯಲ್ಲಿ, ಟ್ರ್ಯಾಪ್ ನೀರು ಆವಿಯಾಗಿರುತ್ತೆ. ಬೇಸ್‌ಮೆಂಟ್ ಮೂಲೆಯಲ್ಲಿ ಸೆಕ್ಯುರಿಟಿಯವರಿಗೆ ಅಂತ ಕಟ್ಟಿ ಈಗ ಸಾಮಾನು ತುಂಬಿಟ್ಟಿರೋ ಟಾಯ್ಲೆಟ್ ಇರುತ್ತಲ್ಲ, ಮೊದಲು ಅದನ್ನ ನೋಡಿ. ಎಲ್ಲಾ ಟ್ರ್ಯಾಪಿಗೂ ಒಂದೊಂದು ಚೊಂಬು ನೀರು ಹಾಕಿ. ಬಳಸದೇ ಇರೋದಕ್ಕೆ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ರೆ ನೀರು ಬೇಗ ಆರಲ್ಲ. ಬಹಳಷ್ಟು ಕೇಸ್ ಇಲ್ಲೇ ಮುಗಿಯುತ್ತೆ.

ಬೆಳಗ್ಗೆ ಏಳರಿಂದ ಒಂಬತ್ತು, ಎಲ್ಲರೂ ಒಟ್ಟಿಗೆ ಫ್ಲಶ್ ಮಾಡೋ ಹೊತ್ತಲ್ಲಿ ಮಾತ್ರ ಬಂದ್ರೆ ಅದು ಬೇರೆ ಕಥೆ. ನಾಲ್ಕನೇ ಮಹಡಿಯಿಂದ ಬೀಳೋ ನೀರು ಪೈಪಲ್ಲಿ ಪಿಸ್ಟನ್ ಥರ ಇಳಿಯುತ್ತೆ. ಹಿಂದೆ ಗಾಳಿ ಎಳೆಯುತ್ತೆ, ಮುಂದೆ ಒತ್ತುತ್ತೆ. ಮೇಲಿನ ಮನೆಗಳಲ್ಲಿ ಸೀಲ್ ನೀರು ಹೀರಿಹೋಗುತ್ತೆ, ಕೆಳಗಿನ ಟ್ರ್ಯಾಪ್‌ಗಳಲ್ಲಿ ಗುಳುಗುಳು ಅಂತ ಗುಳ್ಳೆ ಏಳುತ್ತೆ. ಈ ಏರುಪೇರನ್ನ ಸರಿದೂಗಿಸೋಕೆ ತಾರಸಿ ದಾಟಿ ಮೇಲೆ ಹೋಗೋ ವೆಂಟ್ ಪೈಪ್ ಇರೋದು. ಆಮೇಲೆ ತಾರಸಿ ಮೇಲೆ ಶೀಟ್ ರೂಮ್ ಕಟ್ಟುವಾಗ ಅದನ್ನ ಕತ್ತರಿಸಿ ಮುಚ್ಚಿಬಿಟ್ಟಿದ್ರೆ, ಅಥವಾ ಒಳಗೆ ಹಕ್ಕಿ ಗೂಡು ಕಟ್ಟಿದ್ರೆ, ಗಾಳಿ ಬೇರೆ ದಾರಿ ಹುಡುಕ್ಕೊಳ್ಳುತ್ತೆ. ಬೇಸ್‌ಮೆಂಟ್ ವಾಸನೆಯ ಮೂಲ ತಾರಸಿಯಲ್ಲಿರಬಹುದು!

ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ವಾಸನೆ ಕಮ್ಮಿ ಆಗೋ ಬದಲು ಜಾಸ್ತಿಯಾದ್ರೂ ಲೆಕ್ಕ ಅದೇ. ಹೊರಗಿಂದ ಗಾಳಿ ಬರೋಕೆ ಜಾಗ ಇಲ್ಲದಿದ್ರೆ ಫ್ಯಾನ್ ಟ್ರ್ಯಾಪ್‌ಗಳ ಮೂಲಕವೇ ಗಾಳಿ ಎಳೆಯುತ್ತೆ.

ಮೋಟರ್ ಓಡುವಾಗ ಬಂದ್ರೆ? ಬೇಸ್‌ಮೆಂಟ್ ನೆಲ ರಸ್ತೆಯ ಯುಜಿಡಿ ಪೈಪಿಗಿಂತ ಕೆಳಗಿದ್ರೆ ಅಲ್ಲಿನ ಕೊಳಚೆ ತಾನಾಗಿ ಹರಿದು ಹೋಗಲ್ಲ. ಗುಂಡಿಯಲ್ಲಿ ಶೇಖರಿಸಿ ಪಂಪಿಂದ ಎತ್ತಬೇಕು. ಆ ಗುಂಡಿ ಮುಚ್ಚಳದ ರಬ್ಬರ್ ಹೋಗಿರಬಹುದು. ದೊಡ್ಡ ಅಪಾರ್ಟ್‌ಮೆಂಟಲ್ಲಿ ಬೇಸ್‌ಮೆಂಟಲ್ಲೇ ಎಸ್‌ಟಿಪಿ ಇರುತ್ತೆ. ಕರೆಂಟ್ ಬಿಲ್ ಉಳಿಸೋಕೆ ಬ್ಲೋವರ್ ಆಫ್ ಮಾಡಿದ್ರೆ ಕೊಳಚೆಗೆ ಆಮ್ಲಜನಕ ಸಿಗಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ನೀರಲ್ಲಿರೋ ಸಲ್ಫೇಟನ್ನ ಹೈಡ್ರೋಜನ್ ಸಲ್ಫೈಡ್ ಮಾಡುತ್ತೆ. ಪಕ್ಕದ ಪ್ಯಾನೆಲ್ ಬೋರ್ಡಲ್ಲಿ ತಾಮ್ರ ಕಪ್ಪಗಾಗಿದ್ಯಾ ನೋಡಿ (ಮುಟ್ಟಬೇಡಿ). ತಾಮ್ರ, ಬೆಳ್ಳಿ ಎರಡನ್ನೂ ಕಪ್ಪು ಮಾಡೋದು ಈ ಅನಿಲದ ಗುಣ.

ಯಾವ ಟ್ರ್ಯಾಪ್ ಅಂತ ಗೊತ್ತಾಗ್ತಿಲ್ಲ ಅಂದ್ರೆ ಅನುಮಾನ ಇರೋ ಪ್ರತಿಯೊಂದರ ಮೇಲೂ ಪ್ಲಾಸ್ಟಿಕ್ ಕವರ್ ಇಟ್ಟು ಸುತ್ತ ಟೇಪ್ ಅಂಟಿಸಿ ಒಂದು ಗಂಟೆ ಬಿಡಿ. ಉಬ್ಬಿದ್ದು ಅಥವಾ ಒಳಗೆ ನಾತ ತುಂಬಿದ್ದು ಸಿಕ್ಕಿಬೀಳುತ್ತೆ. ಹಳೇ ಪ್ಲಂಬರ್‌ಗಳ ಇನ್ನೊಂದು ವಿದ್ಯೆ ನಮಗೆ ಬಹಳ ಇಷ್ಟ: ಒಬ್ಬರು ತಾರಸಿ ವೆಂಟಿನೊಳಗೆ ಪೆಪ್ಪರ್‌ಮಿಂಟ್ ಎಣ್ಣೆ ಮತ್ತು ಬಿಸಿನೀರು ಸುರಿಯೋದು, ಎಣ್ಣೆ ಮುಟ್ಟದ ಇನ್ನೊಬ್ಬರು ಕೆಳಗೆ ಪೈಪ್ ಜಾಯಿಂಟ್‌ಗಳ ಹತ್ರ ಮೂಸೋದು. ಕೆಲವರು ಊದುಬತ್ತಿ ಹೊಗೆ ನೋಡ್ತಾರೆ. ಬೇಸ್‌ಮೆಂಟಲ್ಲಿ ಅದು ಬೇಡವೇ ಬೇಡ. ಕೊಳಚೆ ಗಾಳಿಯಲ್ಲಿ ಮೀಥೇನ್ ಇರುತ್ತೆ, ಗಾಳಿಯಲ್ಲಿ ಅದು 5ರಿಂದ 15 ಪರ್ಸೆಂಟ್ ಇದ್ರೆ ಕಿಡಿಗೆ ಸಿಡಿಯುತ್ತೆ. ನೀವು ಮೂಸ್ತಿರೋದು ಅಡುಗೆ ಗ್ಯಾಸ್ ಆಗಿರಲೂಬಹುದು. ಎಲ್‌ಪಿಜಿ ಗಾಳಿಗಿಂತ ಭಾರ, ಇಳಿದು ಬಂದು ಬೇಸ್‌ಮೆಂಟಲ್ಲೇ ಕೂರುತ್ತೆ. ಅನುಮಾನ ಬಂದ್ರೆ ಸ್ವಿಚ್ ಕೂಡ ಮುಟ್ಟದೆ ಮೊದಲು ಹೊರಗೆ ಬನ್ನಿ.

ಇನ್ನೊಂದು ವಿಷಯ ಲ್ಯಾಬಲ್ಲಿ ಓದಿ ಮರೆತಿರ್ತೀವಿ. ಹೈಡ್ರೋಜನ್ ಸಲ್ಫೈಡನ್ನ ನಮ್ಮ ಮೂಗು ಒಂದು ಪಿಪಿಎಂಗಿಂತ ಎಷ್ಟೋ ಕಮ್ಮಿ ಇದ್ದಾಗಲೇ ಹಿಡಿಯುತ್ತೆ. ಆದ್ರೆ ಸುಮಾರು 100 ಪಿಪಿಎಂ ದಾಟಿದ ಮೇಲೆ ಮೂಗೇ ಕೈಕೊಡುತ್ತೆ, ವಾಸನೆ ಮಾಯ. ಇನ್ನೂ ಕೆಲವು ನೂರು ಪಿಪಿಎಂ ಏರಿದ್ರೆ ಪ್ರಾಣಕ್ಕೇ ಅಪಾಯ. ತೆಗೆದಿಟ್ಟ ಗುಂಡಿ ಹತ್ರ ಬಗ್ಗಿ "ವಾಸನೆ ಹೋಯ್ತಲ್ಲ" ಅನ್ನಿಸಿದ್ರೆ ಸಮಾಧಾನ ಪಡೋ ಹೊತ್ತಲ್ಲ, ಓಡೋ ಹೊತ್ತು.

2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟ್ ಪಕ್ಕದ ಸೋಮಸುಂದರಪಾಳ್ಯದಲ್ಲಿ ಅಪಾರ್ಟ್‌ಮೆಂಟ್ ಒಂದರ ಎಸ್‌ಟಿಪಿ ಕ್ಲೀನ್ ಮಾಡೋಕೆ ಹೋದ ಮೂವರು ಸತ್ತರು. ಅದಕ್ಕೂ ಹಿಂದಿನ ವರ್ಷ ಮಾರ್ಚ್‌ನಲ್ಲಿ ಸಿ.ವಿ. ರಾಮನ್ ನಗರದ ಕಗ್ಗದಾಸಪುರದ ಮ್ಯಾನ್‌ಹೋಲಲ್ಲಿ ಮೂವರು. ಒಬ್ಬ ಕುಸಿದು ಬಿದ್ದಾಗ ಅವನನ್ನ ಎತ್ತೋಕೆ ಇಳಿದವರೂ ಸಾಯೋದು ಇಂಥ ಕಡೆ ಪದೇ ಪದೇ ಆಗೋ ದುರಂತ. ಸುರಕ್ಷಾ ಸಾಧನ ಇಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಇಂಥ ಸಾವಿನ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಆದ್ರಿಂದ ಓನರ್ "ಯಾರೋ ಒಬ್ಬ ಹುಡುಗನ್ನ ಕರೆಸಿ ಇಳಿಸ್ತೀನಿ ಬಿಡ್ರಪ್ಪ" ಅಂದ್ರೆ, ಅಲ್ಲೇ ತಡೀರಿ. ಸಕ್ಕಿಂಗ್ ಮಷಿನ್ ಲಾರಿ ಬರಲಿ. ಯುಜಿಡಿ ಕಟ್ಟಿಕೊಂಡು ರಸ್ತೆ ಚೇಂಬರ್ ತುಂಬಿದ್ರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಗುಂಡಿ ಮುಚ್ಚಳ ಎತ್ತೋ ದಿನ ಬೇಸ್‌ಮೆಂಟ್ ಶಟರ್ ಪೂರ್ತಿ ತೆಗೆಸಿ, ಬೈಕ್‌ಗಳನ್ನೆಲ್ಲ ಹೊರಗೆ ನಿಲ್ಲಿಸಿ, ಯಾರೂ ಒಳಗೆ ಸ್ಟಾರ್ಟ್ ಮಾಡದ ಹಾಗೆ ಬಾಗಿಲಲ್ಲಿ ಒಬ್ಬರನ್ನ ನಿಲ್ಲಿಸಿ.