ಬ್ರೌಸರ್‌ನಲ್ಲಿ ಪ್ಲಗಿನ್ ಹುಡುಕಬೇಡಿ: ಹೊಸ ಲ್ಯಾಪ್‌ಟಾಪ್‌ನಲ್ಲಿ ಡಿಜಿಟಲ್ ಸಹಿ ಕೆಲಸ ಮಾಡಿಸೋದು ಹೇಗೆ?

(ಈ ವಾರದ ಸಂಚಿಕೆಯ ಬರಹ ರೂಪ)

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ಬೆಳಗಿನ ಟ್ರೈನಲ್ಲಿ ನಿಂತ್ಕೊಂಡೇ ಕೇಳ್ತಿರೋರಿಗೂ, ಆರಾಮಾಗಿ ಮನೇಲಿ ಕೂತು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಫೋನಿನದಲ್ಲ, ಕಂಪ್ಯೂಟರಿನದು. ಆದರೂ ಕೇಳಿ. ಯಾಕಂದ್ರೆ ಮನೇಲಿ ಕಂಪ್ಯೂಟರ್ ಕೈ ಕೊಟ್ಟಾಗ ದೊಡ್ಡೋರು ಕರೆಯೋದು ನಿಮ್ಮನ್ನೇ.

ನನಗೂ ಹಾಗೇ ಕರೆ ಬಂತು. ನಾನಿರೋದು ಕೆಜಿಎಫ್‌ನ ನಂದಿದುರ್ಗ ಗಣಿ ಕಡೆ. ನಮ್ಮ ಮಾವ ಬಂಗಾರಪೇಟೆಯಲ್ಲಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಲೆಕ್ಕ ನೋಡ್ಕೊಳ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತಲ್ಲ, ಅವರ ಹಳೇ ಲ್ಯಾಪ್‌ಟಾಪ್ ವಿಂಡೋಸ್ 11 ತಗೊಳ್ಳಲಿಲ್ಲ. ಹೊಸದು ತಂದರು. ಜಿಎಸ್‌ಟಿಆರ್-3ಬಿ ಸಲ್ಲಿಸೋ ಗಡುವಿನ ಹಿಂದಿನ ಸಂಜೆ ಫೋನ್ ಮಾಡಿ, "ಸಹಿ ಪೆನ್‌ಡ್ರೈವ್ ಹಾಕಿದ್ರೆ ಏನೂ ಆಗ್ತಿಲ್ಲ ಕಣೋ, ಪ್ಲಗಿನ್ ಹೋಗಿದೆ ಅನ್ಸುತ್ತೆ" ಅಂದರು.

ಲೇಟ್ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಬಡ್ಡಿ. ಆದರೆ ನನಗೆ ಭಯ ಆಗಿದ್ದು ಅದಕ್ಕಲ್ಲ. ನಾನು ಹೋಗೋ ಹೊತ್ತಿಗೆ ಮಾವ ಯಾವುದೋ ವಿಡಿಯೋ ನೋಡಿ ಆ್ಯಂಟಿವೈರಸ್ ಆಫ್ ಮಾಡಿದ್ದರು. ಅದರ ಕೆಳಗಿದ್ದ ಲಿಂಕಿನಿಂದ ಹಳೇ ಜಾವಾ ಇಳಿಸ್ಕೊಳ್ತಿದ್ದರು. ಕಂಪನಿಯ ಸಹಿ ಯುಎಸ್‌ಬಿಗೆ ಚುಚ್ಚಿಕೊಂಡೇ ಇತ್ತು.

ಆ ಪೆನ್‌ಡ್ರೈವ್ ಒಳಗೆ ಏನಿದೆ?

ಮೊದಲನೆಯದಾಗಿ ಅದು ಪೆನ್‌ಡ್ರೈವ್ ಅಲ್ಲ, ಟೋಕನ್. ಅದರೊಳಗೆ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್, ಅಂದ್ರೆ ಡಿಎಸ್‌ಸಿ ಇರುತ್ತೆ. 2000ನೇ ಇಸವಿಯ ಐಟಿ ಕಾಯ್ದೆ ಪ್ರಕಾರ ಕಾನೂನು ಇದನ್ನ ಸಹಿ ಅಂತಲೇ ಒಪ್ಪುತ್ತೆ. 2021ರ ಜನವರಿಯಿಂದ ಕ್ಲಾಸ್ 2 ಕೊಡೋದು ನಿಂತುಹೋಗಿದೆ, ಈಗ ಸಿಗೋದು ಕ್ಲಾಸ್ 3. ಇದರ ಗುಟ್ಟಿನ ಕೀ ಟೋಕನ್ ಬಿಟ್ಟು ಹೊರಗೆ ಬರೋದೇ ಇಲ್ಲ. ಸಹಿ ಮಾಡಬೇಕಾದ ದಾಖಲೆಯ ಒಂದು ಚಿಕ್ಕ ಗುರುತು ಟೋಕನ್ ಒಳಗೆ ಹೋಗುತ್ತೆ, ಪಿನ್ ಹಾಕಿದ ಮೇಲೆ ಸಹಿಯಾಗಿ ಹೊರಗೆ ಬರುತ್ತೆ.

"ಫೋನಲ್ಲೇ ಒಟಿಪಿ ಹಾಕಿ ಮುಗಿಸಬಾರದಾ?" ಅಂತ ಕೇಳಬಹುದು. ಒಬ್ಬರೇ ಮಾಲೀಕರಿರೋ ಅಂಗಡಿಗೆ, ಪಾರ್ಟ್‌ನರ್‌ಶಿಪ್‌ಗೆ ಜಿಎಸ್‌ಟಿಯಲ್ಲಿ ಒಟಿಪಿ ಸಾಕು. ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ ಡಿಎಸ್‌ಸಿಯೇ ಬೇಕು.

ಪ್ಲಗಿನ್ ಎಲ್ಲಿ ಹೋಯ್ತು?

ಬ್ರೌಸರ್ ಒಂದು ಪೆಟ್ಟಿಗೆ ಅಂದ್ಕೊಳ್ಳಿ. ಒಳಗೆ ತೆರೆಯೋ ವೆಬ್‌ಸೈಟ್ ನಿಮ್ಮ ಯುಎಸ್‌ಬಿ, ಫೈಲು ಇವನ್ನೆಲ್ಲ ಮನಸ್ಸಿಗೆ ಬಂದ ಹಾಗೆ ಮುಟ್ಟಬಾರದು ಅಂತಲೇ ಆ ಪೆಟ್ಟಿಗೆ. ನೆಟ್‌ಸ್ಕೇಪ್ ಕಾಲದಲ್ಲಿ, 1990ರ ದಶಕದಲ್ಲಿ, ಈ ಪೆಟ್ಟಿಗೆಗೆ ತೂತು ಕೊರೆಯೋ ಒಂದು ವ್ಯವಸ್ಥೆ ಬಂತು. ಅದರ ಹೆಸರು ಎನ್‌ಪಿಎಪಿಐ. ಜಾವಾ, ಫ್ಲ್ಯಾಶ್, ಸಿಲ್ವರ್‌ಲೈಟ್ ಎಲ್ಲಾ ಈ ತೂತಿನಿಂದಲೇ ಕೆಲಸ ಮಾಡ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇದೇ ಕೆಲಸಕ್ಕೆ ಆ್ಯಕ್ಟಿವ್‌ಎಕ್ಸ್ ಇತ್ತು. ನಮ್ಮ ಸರ್ಕಾರಿ ಪೋರ್ಟಲ್‌ಗಳಲ್ಲಿ ಡಿಎಸ್‌ಸಿ ಸಹಿಯೂ ಬಹಳ ಕಾಲ ಜಾವಾ ಪ್ಲಗಿನ್ ಮೇಲೇ ನಡೀತಿತ್ತು.

ತೊಂದರೆ ಏನಂದ್ರೆ, ತೂತಿನಿಂದ ನಮ್ಮ ಕೆಲಸ ಆಗೋ ಹಾಗೆ ಕಳ್ಳನ ಕೆಲಸಾನೂ ಆಗ್ತಿತ್ತು. ಪ್ಲಗಿನ್‌ನಲ್ಲಿ ಒಂದು ದೋಷ ಸಿಕ್ಕರೆ ಕಂಪ್ಯೂಟರೇ ಕೈಗೆ ಸಿಕ್ಕ ಹಾಗೆ. ಹಾಗಾಗಿ ಒಂದೊಂದಾಗಿ ಮುಚ್ಚಿದರು. 2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ 45 ಬಂದಾಗ ಎನ್‌ಪಿಎಪಿಐ ಪೂರ್ತಿ ಹೋಯ್ತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನ ಬಿಟ್ಟು ಉಳಿದದ್ದನ್ನ ನಿಲ್ಲಿಸಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕಥೆ ಮುಗೀತು. 2022ರ ಜೂನ್ 15ಕ್ಕೆ ವಿಂಡೋಸ್ 10ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ನಿವೃತ್ತಿ ಆಯ್ತು.

ಅಂದ್ರೆ ಮಾವ ಹುಡುಕ್ತಿದ್ದ ಪ್ಲಗಿನ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಳೆದುಹೋಗಿರಲಿಲ್ಲ. ಅದು ಸತ್ತು ವರ್ಷಗಳಾಗಿತ್ತು.

ಹಾಗಾದ್ರೆ ಈಗ ಹೇಗೆ ನಡೆಯುತ್ತೆ?

ನಮ್ಮ ಊರಿನ ಉದಾಹರಣೆ ಕೊಡ್ತೀನಿ. ಹಿಂದೆ ಬಂಗಾರಪೇಟೆಯಿಂದ ಕೋಲಾರದ ಕಡೆ ಹೋಗ್ತಿದ್ದದ್ದು ಎರಡೂವರೆ ಅಡಿಯ ನ್ಯಾರೋಗೇಜ್ ಹಳಿ. ಬೆಂಗಳೂರು ಕಡೆಯ ಹಳಿ ಐದೂವರೆ ಅಡಿಯ ಬ್ರಾಡ್‌ಗೇಜ್. ಆ ಬೋಗಿ ಈ ಹಳಿ ಮೇಲೆ ಓಡಲ್ಲ. ಬಂಗಾರಪೇಟೆಯಲ್ಲಿ ಇಳಿದು, ಸಾಮಾನು ಎತ್ಕೊಂಡು, ಇನ್ನೊಂದು ಗಾಡಿ ಹತ್ತಬೇಕಿತ್ತು.

ಈಗಿನ ಡಿಜಿಟಲ್ ಸಹಿಯೂ ಹಾಗೇ. ಬ್ರೌಸರ್ ಒಂದು ಹಳಿ, ಟೋಕನ್ ಇನ್ನೊಂದು ಹಳಿ. ಮಧ್ಯೆ ಪ್ಲಾಟ್‌ಫಾರ್ಮಿನಲ್ಲಿ ಸಾಮಾನು ದಾಟಿಸೋಕೆ ಒಬ್ಬರು ಬೇಕು. ಅದೇ ಕಂಪ್ಯೂಟರ್‌ನಲ್ಲಿ ಕೂರೋ ಒಂದು ಸಹಾಯಕ ಪ್ರೋಗ್ರಾಂ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದರ ಹೆಸರು ಎಮ್‌ಸೈನರ್. ಅದು ಬ್ರೌಸರ್ ಒಳಗೆ ಇರಲ್ಲ, ಎಕ್ಸ್‌ಟೆನ್ಷನ್ ಪಟ್ಟಿಯಲ್ಲೂ ಕಾಣಲ್ಲ. ಬ್ರೌಸರ್ ಅದರ ಜೊತೆ 127.0.0.1 ಅನ್ನೋ ವಿಳಾಸದಲ್ಲಿ ಮಾತಾಡುತ್ತೆ. ಆ ವಿಳಾಸದ ಅರ್ಥ "ಇದೇ ಕಂಪ್ಯೂಟರ್".

ಸತ್ಯ ಹೇಳ್ತೀನಿ, ನಾನೂ ಮೊದಲ ಎರಡು ಗಂಟೆ ಕ್ರೋಮ್‌ನ ಎಕ್ಸ್‌ಟೆನ್ಷನ್ ಸ್ಟೋರ್‌ನಲ್ಲೇ ತಡಕಾಡಿದೆ. ಬಿಕಾಂನಲ್ಲಿ ಟ್ಯಾಕ್ಸ್ ಓದಿದ್ದೆ, ಕಂಪನಿ ಲಾ ಓದಿದ್ದೆ, ಇದನ್ನ ಓದಿರಲಿಲ್ಲ. ಆಮೇಲೆ ಒಂದು ಕಡೆಯಿಂದ ಸಾಲಾಗಿ ಪರೀಕ್ಷೆ ಮಾಡಿದಾಗ ದಾರಿ ಕಂಡಿತು.

ಮೂರು ಮೆಟ್ಟಿಲು, ಇದೇ ಕ್ರಮದಲ್ಲಿ

ಒಂದು, ಟೋಕನ್ ಡ್ರೈವರ್. ಬ್ರೌಸರ್ ಮುಚ್ಚಿ. ಟೋಕನ್ ತಯಾರಿಸಿದ ಕಂಪನಿಯ ವೆಬ್‌ಸೈಟಿನಿಂದ ವಿಂಡೋಸ್ 11ಕ್ಕೆ ಹೊಂದೋ ಡ್ರೈವರ್ ಹಾಕಿ. ಸ್ಟಾರ್ಟ್ ಮೆನುವಿನಲ್ಲಿ "ಮ್ಯಾನೇಜ್ ಯೂಸರ್ ಸರ್ಟಿಫಿಕೇಟ್ಸ್" ಅಂತ ಹುಡುಕಿ, "ಪರ್ಸನಲ್" ಫೋಲ್ಡರ್ ತೆಗೀರಿ. ಸಹಿ ಮಾಡೋರ ಹೆಸರು ಅಲ್ಲಿ ಕಂಡ್ರೆ ಮೊದಲ ಮೆಟ್ಟಿಲು ಸರಿ. ಕಾಣದಿದ್ರೆ ಬ್ರೌಸರ್ ಬದಲಾಯಿಸಿ ಪ್ರಯೋಜನ ಇಲ್ಲ. ಮಾವನ ಲ್ಯಾಪ್‌ಟಾಪ್‌ನಲ್ಲಿ ಡ್ರೈವರ್ರೇ ಇರಲಿಲ್ಲ. ಹಳೇದರಲ್ಲಿ ಯಾವತ್ತೋ ಹಾಕಿದ್ದು ಎಲ್ಲರಿಗೂ ಮರೆತೇಹೋಗಿತ್ತು. ಇನ್ನೊಂದು ಮಾತು: ಸ್ನ್ಯಾಪ್‌ಡ್ರ್ಯಾಗನ್‌ನಂಥ ಆರ್ಮ್ ಚಿಪ್ ಇರೋ ಲ್ಯಾಪ್‌ಟಾಪ್ ತಗೊಳ್ಳೋದಾದ್ರೆ, ಆ ಚಿಪ್‌ಗೆ ನಿಮ್ಮ ಟೋಕನ್ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿ. ಇಂಟೆಲ್‌ಗೆ ಬರೆದ ಡ್ರೈವರ್ ಅಲ್ಲಿ ನಡೆಯಲ್ಲ.

ಎರಡು, ಸಹಾಯಕ ಪ್ರೋಗ್ರಾಂ. ಪೋರ್ಟಲ್‌ನ ಡಿಎಸ್‌ಸಿ ಪುಟದಿಂದಲೇ ಇಳಿಸಿಕೊಳ್ಳಿ, ಬೇರೆಲ್ಲಿಂದಲೂ ಬೇಡ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಕೊಡಿ. ಗಡಿಯಾರದ ಪಕ್ಕ ಅದರ ಚಿಹ್ನೆ ಕಾಣಬೇಕು.

ಮೂರು, ಬ್ರೌಸರ್‌ನ ಅನುಮತಿ. ಸಹಾಯಕ ಓಡ್ತಿದ್ರೂ "ಸಂಪರ್ಕ ಆಗ್ತಿಲ್ಲ" ಅಂತ ಬಂದ್ರೆ, ಬ್ರೌಸರ್‌ಗೆ ಅದರ ಪರಿಚಯ ಇಲ್ಲ ಅಂತ ಅರ್ಥ. ಎಮ್‌ಸೈನರ್ ಆದ್ರೆ ಎಚ್‌ಟಿಟಿಪಿಎಸ್ ಜೊತೆ 127.0.0.1:1585 ಅಂತ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿ. ಎಚ್ಚರಿಕೆಯ ಪುಟ ಬರುತ್ತೆ. "ಅಡ್ವಾನ್ಸ್ಡ್" ಒತ್ತಿ ಮುಂದೆ ಹೋಗಿ, ಆಮೇಲೆ ಪೋರ್ಟಲ್ ಪುಟ ರಿಫ್ರೆಶ್ ಮಾಡಿ. ಈ ವಿಳಾಸ ನಿಮ್ಮದೇ ಕಂಪ್ಯೂಟರ್ ಆಗಿರೋದ್ರಿಂದ ಇಲ್ಲಿ ಎಚ್ಚರಿಕೆ ದಾಟಬಹುದು. ಬೇರೆ ಯಾವ ಸೈಟಿನಲ್ಲೂ ಇದೇ ಅಭ್ಯಾಸ ಮಾಡ್ಕೋಬೇಡಿ. ಹೊಸ ಕ್ರೋಮ್‌ನಲ್ಲಿ, ಈ ಸೈಟ್ ನಿಮ್ಮ ಸಾಧನದ ಪ್ರೋಗ್ರಾಂ ಜೊತೆ ಮಾತಾಡಬಹುದಾ ಅಂತ ಪ್ರಶ್ನೆ ಬರಬಹುದು. ಪೋರ್ಟಲ್ ವಿಳಾಸ ಸರಿಯಿದೆಯಾ ನೋಡ್ಕೊಂಡು "ಅಲೋ" ಕೊಡಿ. ಗಾಬರಿಯಲ್ಲಿ "ಬ್ಲಾಕ್" ಒತ್ತಿದ್ರೆ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಬೇಕಾಗುತ್ತೆ.

ಲ್ಯಾಪ್‌ಟಾಪ್ ಬದಲಾಯ್ತು ಅಂತ ಪೋರ್ಟಲ್‌ನಲ್ಲಿ ಡಿಎಸ್‌ಸಿ ಮತ್ತೆ ನೋಂದಾಯಿಸೋ ಅಗತ್ಯ ಇಲ್ಲ. ನೋಂದಣಿ ಆಗಿರೋದು ಸರ್ಟಿಫಿಕೇಟ್, ಲ್ಯಾಪ್‌ಟಾಪ್ ಅಲ್ಲ. ಯಾವುದಾದ್ರೂ ಹಳೇ ಸೈಟ್ ಇನ್ನೂ ಆ್ಯಕ್ಟಿವ್‌ಎಕ್ಸ್ ಕೇಳಿದ್ರೆ, ಎಡ್ಜ್ ಬ್ರೌಸರ್‌ನ ಐಇ ಮೋಡ್ ಇದೆ; ಅದಕ್ಕೆ ಕನಿಷ್ಠ 2029ರವರೆಗೆ ಬೆಂಬಲ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಹೇಳಿದೆ.

ಮಾಡಬಾರದ್ದು

ಆ್ಯಂಟಿವೈರಸ್ ಆಫ್ ಮಾಡಿ ಯಾರದೋ ಲಿಂಕಿನ ಫೈಲ್ ಹಾಕಬೇಡಿ. ಟೋಕನ್ ಚುಚ್ಚಿಟ್ಟು "ಸರ್ ನಾನು ಸರಿ ಮಾಡಿಕೊಡ್ತೀನಿ" ಅನ್ನೋ ಅಪರಿಚಿತರಿಗೆ ಸ್ಕ್ರೀನ್ ಬಿಟ್ಟುಕೊಡಬೇಡಿ. ಟೋಕನ್ ಮತ್ತು ಪಿನ್ ಎರಡೂ ಸಿಕ್ಕವರು ನಿಮ್ಮ ಹೆಸರಲ್ಲಿ ಸಹಿ ಮಾಡಬಹುದು, ಅದು ಕಾನೂನಿನ ಮುಂದೆ ನಿಮ್ಮದೇ ಸಹಿ. ಪಿನ್ ಊಹೆ ಮಾಡಿ ಒತ್ತಬೇಡಿ. ಕೆಲವು ಸಲ ತಪ್ಪಾದ್ರೆ ಟೋಕನ್ ಲಾಕ್ ಆಗುತ್ತೆ, ಹೊಸ ಸರ್ಟಿಫಿಕೇಟ್ ತಗೊಳ್ಳೋ ಪರಿಸ್ಥಿತಿಯೂ ಬರಬಹುದು.

ಅವತ್ತು ನಾವು ಮೊದಲು ಟೋಕನ್ ಕಿತ್ತೆವು. ಇಳಿಸಿದ್ದ ಫೈಲ್ ಅಳಿಸಿದೆವು, ಆ್ಯಂಟಿವೈರಸ್ ಆನ್ ಮಾಡಿ ಪೂರ್ತಿ ಸ್ಕ್ಯಾನ್ ಮಾಡಿದೆವು. ಆಮೇಲೆ ಡ್ರೈವರ್, ಸಹಾಯಕ, ಅನುಮತಿ. ರಾತ್ರಿ ಊಟದ ಹೊತ್ತಿಗೆ ಪಿನ್ ಕೇಳೋ ಕಿಟಕಿ ಬಂತು. ಮಾವ ನನ್ನ ಮುಖ ನೋಡಿದರು. ನಾನು ಎದ್ದು ಆಚೆ ಹೋಗಿ ನಿಂತೆ, ಆ ಪಿನ್ ನನಗೂ ಗೊತ್ತಾಗಬಾರದು. ಒಳಗಿಂದ "ಆಯ್ತು ಕಣೋ, ಬಾ ಊಟಕ್ಕೆ" ಅಂತ ಕೂಗಿದರು.

ನಿಮ್ಮನೇಲಿ ಇಂಥ ಟೋಕನ್ ಇದ್ರೆ ಈ ಭಾನುವಾರವೇ ಹೊಸ ಕಂಪ್ಯೂಟರ್‌ನಲ್ಲಿ ಮೂರೂ ಮೆಟ್ಟಿಲು ಪರೀಕ್ಷೆ ಮಾಡಿಟ್ಬಿಡಿ, ಗಡುವಿನ ದಿನದವರೆಗೆ ಕಾಯಬೇಡಿ. ಮುಂದಿನ ವಾರ ಸಿಗೋಣ.