140/90: ಅಂಕಿ ಒಂದೇ, ಎಚ್ಚರ ಎರಡು

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ರಕ್ತಪರಿಚಲನೆಯ ಪಾಠ ಓದಿದ ನಮಗೆಲ್ಲ 120/80 ಮತ್ತು 140/90 ಎಂಬ ಅಂಕಿಗಳು ಗೊತ್ತು. ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೇವೆ. ಆದರೆ ಮನೆಯಲ್ಲಿ ಅಪ್ಪನಿಗೋ ಗರ್ಭಿಣಿ ಅಕ್ಕನಿಗೋ 140/90 ಬಂದರೆ ಏನು ಮಾಡಬೇಕು? ಇಬ್ಬರ ವಿಷಯದಲ್ಲೂ ಉತ್ತರ ಒಂದೇ ಅಲ್ಲ. ಅದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಹೃದಯ ಸಂಕುಚಿಸಿ ರಕ್ತವನ್ನು ತಳ್ಳುವಾಗ ಧಮನಿಗಳಲ್ಲಿ ಇರುವ ಒತ್ತಡವೇ ಮೇಲಿನ ಅಂಕಿ. ಹೃದಯ ಸಡಿಲಗೊಂಡಾಗ ಇರುವುದು ಕೆಳಗಿನ ಅಂಕಿ. ಎರಡರಲ್ಲಿ ಯಾವುದೇ ಒಂದು ಮಿತಿ ದಾಟಿದರೂ ಅದನ್ನು ಗಮನಿಸಬೇಕು.

ವಯಸ್ಕರಲ್ಲಿ ಒಂದು ಸಲ 140/90 ಬಂದ ಮಾತ್ರಕ್ಕೆ ಸಾಮಾನ್ಯವಾಗಿ ಕಾಯಿಲೆ ಎಂದು ನಿರ್ಧರಿಸುವುದಿಲ್ಲ. ಮೆಟ್ಟಿಲು ಹತ್ತಿ ಬಂದಾಗ, ಚಹಾ ಕುಡಿದ ಕೂಡಲೇ ಅಥವಾ ಆಸ್ಪತ್ರೆಯ ಭಯದಿಂದಲೂ ಒತ್ತಡ ಏರಬಹುದು. ಆದ್ದರಿಂದ ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲದ ಮೇಲಿಟ್ಟು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, ಮಾತನಾಡದೆ ಅಳತೆ ಮಾಡಿಸಬೇಕು. ಬೇರೆ ಬೇರೆ ದಿನ ಅಳೆದಾಗಲೂ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. ಆದರೆ ಒತ್ತಡ 180/120 ದಾಟಿ ಎದೆನೋವು, ಮಾತು ತೊದಲುವಿಕೆ ಅಥವಾ ಒಂದು ಪಕ್ಕದ ಕೈಕಾಲಿನಲ್ಲಿ ಶಕ್ತಿಹೀನತೆ ಕಂಡರೆ ಕಾಯಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು.

ತಲೆ ತಿರುಗಿದರೆ, ಸಿಟ್ಟು ಬಂದರೆ ಬಿಪಿ ಎಂದು ನಮ್ಮ ಓಣಿಗಳಲ್ಲಿ ಹೇಳುತ್ತಾರೆ. ವಾಸ್ತವದಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಸದ್ದಿಲ್ಲದೆ ಮೆದುಳು, ಹೃದಯ, ಮೂತ್ರಪಿಂಡ, ಕಣ್ಣುಗಳಿಗೆ ಹಾನಿಯಾಗುತ್ತದೆ. ನಮ್ಮ ಅಜ್ಜಿಯ ಗುಳಿಗೆ ಡಬ್ಬಿಯ ಉಸ್ತುವಾರಿ ನನ್ನದು. ಆರಾಮವಾಗಿರುವಾಗ ಗುಳಿಗೆ ಏಕೆ ಎಂದು ಅವರು ಆಗಾಗ ಕೇಳುತ್ತಾರೆ. ಗುಳಿಗೆ ತೆಗೆದುಕೊಳ್ಳುತ್ತಿರುವುದರಿಂದಲೇ ಬಿಪಿ ಹತೋಟಿಯಲ್ಲಿದೆ ಎಂದು ನಾನು ಹೇಳುತ್ತೇನೆ. ರಂಜಾನ್ ಉಪವಾಸಕ್ಕೂ ಗುಳಿಗೆ ಬಿಡಬೇಕಿಲ್ಲ. ಸಹರಿ, ಇಫ್ತಾರ್ ವೇಳೆಗೆ ಅದನ್ನು ಹೇಗೆ ಹೊಂದಿಸಬೇಕೆಂದು ಮೊದಲೇ ವೈದ್ಯರನ್ನು ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿಯಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ದಿನವೂ ಅರ್ಧ ಗಂಟೆ ಚುರುಕು ನಡಿಗೆ, ತೂಕದ ಹತೋಟಿ, ತಂಬಾಕು ಬಿಡುವುದು ಇವೂ ಚಿಕಿತ್ಸೆಯ ಭಾಗವೇ.

ಗರ್ಭಿಣಿಯರ ವಿಷಯದಲ್ಲಿ ಅದೇ 140/90 ಬಂದರೆ ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ. ಅದೇ ದಿನ ವೈದ್ಯರನ್ನು ಕಾಣಬೇಕು. 20 ವಾರಗಳ ನಂತರ ಒತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅಥವಾ ಯಕೃತ್ತು, ಮೂತ್ರಪಿಂಡಗಳಿಗೆ ತೊಂದರೆಯಾದರೆ ಅದನ್ನು ಪ್ರೀ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದ ನೋವು, ಮುಖ ಮತ್ತು ಕೈಗಳಲ್ಲಿ ದಿಢೀರ್ ಊತ ಇದರ ಸೂಚನೆಗಳು. ಒತ್ತಡ 160/110 ತಲುಪಿದರೆ ತುರ್ತು ಪರಿಸ್ಥಿತಿ. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ದೃಷ್ಟಿ ತಾಗಿದೆ ಎಂದು ಮನೆಯಲ್ಲಿ ಕೂರುವ ಹೊತ್ತಲ್ಲ ಅದು.

ಫಿಟ್ಸ್ ತಡೆಯುವ ಔಷಧಿ ನಮ್ಮ ರಸಾಯನಶಾಸ್ತ್ರ ಪಾಠದಲ್ಲಿ ಬರುವ ಮೆಗ್ನೀಸಿಯಂ ಸಲ್ಫೇಟ್! 2002ರಲ್ಲಿ ಪ್ರಕಟವಾದ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಇದು ಫಿಟ್ಸ್ ಅಪಾಯವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಇದನ್ನು ಆಸ್ಪತ್ರೆಯಲ್ಲೇ ಕೊಡಬೇಕು. ಒತ್ತಡ ಇಳಿಸಲು ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಬಳಸುತ್ತಾರೆ. ಟೆಲ್ಮಿಸಾರ್ಟನ್‌ನಂಥ ಗುಳಿಗೆ ಗರ್ಭದ ಮಗುವಿಗೆ ಹಾನಿಕರ. ಹೀಗಾಗಿ ಅಪ್ಪನ ಗುಳಿಗೆಯನ್ನು ಅಕ್ಕನಿಗೆ ಎಂದೂ ಕೊಡಬಾರದು. ಹೆರಿಗೆಯಾದ ನಂತರದ ವಾರಗಳಲ್ಲೂ ಒತ್ತಡ ಏರಬಹುದು, ಆದ್ದರಿಂದ ಬಾಣಂತಿಯ ಬಿಪಿಯನ್ನೂ ನೋಡಿಸಬೇಕು.

ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ತಾಯಿ ಕಾರ್ಡಿನಲ್ಲಿ ಬಿಪಿ ಬರೆಸಿಕೊಳ್ಳುವುದನ್ನು ಮರೆಯಬಾರದು. ನಮ್ಮ ರಾಯಾಪುರಕ್ಕೆ ಒಂದೇ ರಸ್ತೆಯಲ್ಲಿ ಒಂದು ಕಡೆ ಸತ್ತೂರಿನ ಎಸ್‌ಡಿಎಂ, ಇನ್ನೊಂದು ಕಡೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಇವೆ. ನಮಗೆ ಆಸ್ಪತ್ರೆ ದೂರವಿಲ್ಲ. ತಡವಾಗುವುದು ಹೆಚ್ಚಾಗಿ ಮನೆಯಲ್ಲೇ.

ಗೆಳೆಯ ಗೆಳತಿಯರೇ, ಈ ವಾರ ಮನೆಯಲ್ಲಿ 30 ವರ್ಷ ದಾಟಿದ ಪ್ರತಿಯೊಬ್ಬರನ್ನೂ ಕೊನೆಯ ಸಲ ಬಿಪಿ ನೋಡಿಸಿದ್ದು ಯಾವಾಗ ಎಂದು ಕೇಳಿ. ನೆನಪಿಲ್ಲ ಎಂದರೆ ನೀವೇ ಜೊತೆಗೆ ಹೋಗಿ ನೋಡಿಸಿಕೊಂಡು ಬನ್ನಿ.